ಸೆರೆಮನೆಯಿಂದ ಹೊರಟ ಒಲವಿನ ಹಾಡು

ಪ್ರೇಮಗೀತೆಯೆಂದೊಡನೆ ಮನೆಯ ಹಿರಿಯರು ಮುಖ ಅತ್ತ ತಿರುಗಿಸುವ ವಾಡಿಕೆ ನಮ್ಮಲ್ಲಿ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಆದರೆ ಮಠದ ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಮೇಘದೂತವನ್ನು ಪದಚ್ಛೇದ, ಅನ್ವಯ ಸಹಿತ ಓದಿದ ನಮಗೆ ಈ ವಿಷಯದಲ್ಲಿ ಸಂಕೋಚವೇನೂ ಇಲ್ಲ. ಕಾಳಿದಾಸನ ಆ ಯಕ್ಷನು ಯಾರು? ಕರ್ತವ್ಯದಲ್ಲಿ ತಪ್ಪಿ, ಒಡೆಯನ ಶಾಪಕ್ಕೆ ಗುರಿಯಾಗಿ, ಒಂದು ವರ್ಷದ ಅವಧಿಗೆ ಮನೆ ಮಡದಿಯರಿಂದ ದೂರವಿರಿಸಲ್ಪಟ್ಟವನು. ಇಂದಿನ ಮಾತಿನಲ್ಲಿ ಹೇಳುವುದಾದರೆ ಶಿಕ್ಷೆ ಅನುಭವಿಸುತ್ತಿರುವ ಅಪರಾಧಿ. ಅವನ ಹಂಬಲವನ್ನು ಮೋಡವೊಂದು ಹೊತ್ತೊಯ್ಯಿತು. ನಾವು ಅದನ್ನು ಮಹಾಕಾವ್ಯದ ಸಾಲಿನಲ್ಲಿಟ್ಟು ಗೌರವಿಸಿದೆವು.

ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿರುವುದು ಅಂಥದೇ ಇನ್ನೊಬ್ಬ ಅಪರಾಧಿಯ ಹಂಬಲದ ಕಥೆಯನ್ನು. ಇದು ನಮ್ಮ ನಾಡಿನದಲ್ಲ, ಅಮೆರಿಕದ್ದು. 1955ರಲ್ಲಿ ತೆರೆಕಂಡ ‘ಅನ್‌ಚೈನ್ಡ್’ ಎಂಬ ಚಲನಚಿತ್ರಕ್ಕಾಗಿ ರಚಿತವಾದ ‘ಅನ್‌ಚೈನ್ಡ್ ಮೆಲೊಡಿ’ ಎಂಬ ಹಾಡು. ಚಿತ್ರದ ಹೆಸರಿಗೆ ‘ಸಂಕೋಲೆ ಕಳಚಿದವನು’ ಎಂಬ ಅರ್ಥ. ಹಾಡಿನ ಹೆಸರಿಗೆ ಆ ಚಿತ್ರದ ರಾಗವೆಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಚಿತ್ರವನ್ನು ಇಂದು ನೆನೆಯುವವರು ವಿರಳ. ಹಾಡನ್ನು ಮಾತ್ರ ನೂರಾರು ಗಾಯಕರು ಹಾಡಿದ್ದಾರೆ, ತಲೆಮಾರಿನಿಂದ ತಲೆಮಾರಿಗೆ ಅದು ಹೊಸ ಹೊಸ ಕಂಠಗಳಲ್ಲಿ ಗೆದ್ದಿದೆ. ಮದುವೆಯ ಮಂಟಪಗಳಲ್ಲಿ ಅದನ್ನು ನುಡಿಸುವ ಪಾಶ್ಚಾತ್ಯರಲ್ಲಿ ಬಹುಮಂದಿಗೆ ಅದು ಕೈದಿಯೊಬ್ಬನ ಬಾಯಿಂದ ಹೊರಟದ್ದೆಂಬ ಅರಿವು ಇರಲಾರದು.

ಆ ಸೆರೆಮನೆಯೇ ಒಂದು ವಿಶೇಷ. ಕ್ಯಾಲಿಫೋರ್ನಿಯಾ ಪ್ರಾಂತದ ಚೀನೊ ಎಂಬಲ್ಲಿ 1941ರಲ್ಲಿ ಆರಂಭವಾದ ಈ ಕಾರಾಗೃಹದ ಮುಖ್ಯಾಧಿಕಾರಿಯಾಗಿದ್ದವರು ಕೆನ್ಯನ್ ಸ್ಕಡರ್. ಕೈದಿಯೂ ಮನುಷ್ಯನೇ ಎಂಬ ಅರ್ಥದ ಶೀರ್ಷಿಕೆಯುಳ್ಳ ಪುಸ್ತಕವನ್ನು ಅವರು 1952ರಲ್ಲಿ ಪ್ರಕಟಿಸಿದರು. ಎತ್ತರದ ಕಲ್ಲುಗೋಡೆಗಳಿಗೆ ಬದಲು ಅಲ್ಲಿದ್ದದ್ದು ತಂತಿಬೇಲಿ. ಬಂಧುಗಳು ಭೇಟಿಗೆ ಬಂದಾಗ ಸರಳುಗಳ ಆಚೆ ಈಚೆ ನಿಂತು ಮಾತನಾಡಬೇಕಾಗಿರಲಿಲ್ಲ. ಮಡದಿ ಮಕ್ಕಳ ಜೊತೆ ಬಯಲಿನಲ್ಲಿ ಕುಳಿತು ಮಾತನಾಡಬಹುದಾಗಿತ್ತು. ಆ ಪುಸ್ತಕವನ್ನಾಧರಿಸಿ, ಅದೇ ಸೆರೆಮನೆಯ ಆವರಣದಲ್ಲಿಯೇ ಹಾಲ್ ಬಾರ್ಟ್ಲೆಟ್ ಎಂಬವರು ಚಿತ್ರವನ್ನು ತೆಗೆದರು. ಮನೆಯ ಸೆಳೆತಕ್ಕೆ ಸಿಕ್ಕಿದ ಕೈದಿಯೊಬ್ಬ ಬೇಲಿ ಹಾರಿ ಓಡಿಹೋಗಬೇಕೇ, ಉಳಿದು ಶಿಕ್ಷೆ ಮುಗಿಸಿ ತಲೆಯೆತ್ತಿ ಮನೆಗೆ ಹೋಗಬೇಕೇ ಎಂಬುದೇ ಕಥೆಯ ತಿರುಳು. ಗೋಡೆ ಎತ್ತರವಾಗಿದ್ದಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಹಾರಬಹುದಾದ ಬೇಲಿಯ ಮುಂದೆ ನಿಂತವನಿಗೇ ಕಾಯುವುದು ಕಷ್ಟ.

ಆ ಚಿತ್ರದಲ್ಲಿ ಇನ್ನೊಂದು ಸಂಗತಿಯುಂಟು. ಡೆಕ್ಸ್‌ಟರ್ ಗಾರ್ಡನ್ ಎಂಬ ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕರು ಆಗ ಮಾದಕವಸ್ತುವಿನ ಅಪರಾಧಕ್ಕಾಗಿ ನಿಜವಾಗಿಯೇ ಚೀನೊದಲ್ಲಿ ಶಿಕ್ಷೆ ಅನುಭವಿಸುತ್ತಿದ್ದರು. ಚಿತ್ರದ ಕೈದಿಗಳ ವಾದ್ಯವೃಂದದಲ್ಲಿ ಅವರು ಕಾಣಿಸಿಕೊಳ್ಳುತ್ತಾರೆ. ಆದರೆ ಕೇಳಿಬರುವ ನಾದ ಅವರದಲ್ಲ, ಹೊರಗಿನ ಬೇರೊಬ್ಬ ವಾದಕರದು. ಕೈದಿಯ ಮುಖ ತೆರೆಗೆ ಬಂದಿತು, ಅವನ ಉಸಿರು ಬರಲಿಲ್ಲ. ಕೈದಿಯನ್ನು ಮನುಷ್ಯನೆಂದು ಸಾರಲು ಹೊರಟ ಚಿತ್ರದಲ್ಲಿಯೇ ಹೀಗಾದದ್ದು ನಮಗೆ ಸಖೇದಾಶ್ಚರ್ಯವನ್ನುಂಟುಮಾಡುತ್ತದೆ.

ಇಂಥ ಪ್ರಯೋಗ ಭರತಖಂಡಕ್ಕೂ ಹೊಸದಲ್ಲ. ಔಂಧ್ ಸಂಸ್ಥಾನದಲ್ಲಿ ಸ್ವತಂತ್ರಪುರವೆಂಬ ತೆರೆದ ಬಂದೀಖಾನೆ ನಡೆದಿತ್ತು. ಅದರಿಂದ ಪ್ರೇರಿತರಾಗಿ ವಿ. ಶಾಂತಾರಾಮರು 1957ರಲ್ಲಿ ತೆಗೆದ ‘ದೋ ಆಂಖೇಂ ಬಾರಾಹ್ ಹಾಥ್’ ಚಿತ್ರವನ್ನು ನಮ್ಮ ಓದುಗರಲ್ಲಿ ಹಿರಿಯರು ನೋಡಿರಲೇಬೇಕು. ಆ ಚಿತ್ರದ ಪ್ರಾರ್ಥನಾಗೀತೆ, ಭರತ ವ್ಯಾಸರು ಬರೆದು ವಸಂತ ದೇಸಾಯಿಯವರು ರಾಗ ಕೂಡಿಸಿ ಲತಾ ಮಂಗೇಶ್ಕರರು ಹಾಡಿದ್ದು, ಕೈದಿಗಳ ನಡುವಿನಿಂದೆದ್ದು ಶಾಲೆಗಳ ಅಂಗಳಕ್ಕೆ ಬಂದುಬಿಟ್ಟಿತು. ಎರಡು ವರ್ಷಗಳ ಅಂತರದಲ್ಲಿ, ಎರಡು ಖಂಡಗಳಲ್ಲಿ, ಎರಡು ಸೆರೆಮನೆಯ ಚಿತ್ರಗಳು. ಎರಡರಿಂದಲೂ ಒಂದೊಂದು ಹಾಡು ಬೇಲಿ ದಾಟಿತು. ಒಂದು ಪ್ರಾರ್ಥನೆಯಾಯಿತು, ಇನ್ನೊಂದು ಪ್ರಣಯಗೀತೆಯಾಗಿ ಉಳಿಯಿತು.

ಪ್ರಣಯಗೀತೆಯಾದರೂ ಅದರ ನಡುವೆ ಪ್ರಾರ್ಥನೆಯೊಂದಿದೆ ಎಂಬುದನ್ನು ಮರೆಯಲಾಗದು. ಹಾಡಿನ ಭಾವವಿಷ್ಟೇ: ಬಹುಕಾಲ ಅಗಲಿದ ಜೀವವೊಂದು ಪ್ರಿಯಸ್ಪರ್ಶಕ್ಕಾಗಿ ತಹತಹಿಸುತ್ತದೆ. ಕಾಲ ತೆವಳುತ್ತ ಸಾಗುತ್ತದೆ, ಆದರೂ ಕಾಲಕ್ಕೆ ಬಹಳವನ್ನು ಬದಲಿಸುವ ಶಕ್ತಿಯುಂಟು. ಆದುದರಿಂದಲೇ ಆ ಜೀವಕ್ಕೆ ಅಳುಕು. ಅತ್ತ ಕಡೆಯ ಒಲವು ಇನ್ನೂ ತನ್ನ ಪಾಲಿಗೆ ಉಳಿದಿದೆಯೋ ಇಲ್ಲವೋ? ಕೇಳಿದರೆ ಉತ್ತರ ಬಾರದಷ್ಟು ದೂರ. ಆಗ ಅದು ದೇವರ ಮೊರೆಹೋಗುತ್ತದೆ. ಮಧ್ಯದಲ್ಲಿ ಕಡಲಿನತ್ತ ಹರಿಯುವ ನದಿಗಳ ರೂಪಕ ಬರುತ್ತದೆ. ನದಿಯ ಗತಿ ನಮ್ಮ ಅನುಭಾವಿಗಳಿಗೂ ಪ್ರಿಯವಾದ ಉಪಮಾನವೇ ಆದುದರಿಂದ ಇಲ್ಲಿ ಹೆಚ್ಚು ವಿವರಣೆ ಬೇಕಿಲ್ಲ.

ಈ ಸಾಹಿತ್ಯವನ್ನು ಬರೆದವರು ಹೈ ಝಾರೆಟ್. ರಾಗ ಸಂಯೋಜಿಸಿದವರು ಅಲೆಕ್ಸ್ ನಾರ್ತ್. ನಾರ್ತರ ದೂರವಾಣಿ ಕರೆ ಬಂದಾಗ ಝಾರೆಟ್ಟರು ತಮ್ಮ ಮನೆಗೆ ಬಣ್ಣ ಬಳಿಯುವುದರಲ್ಲಿ ತೊಡಗಿದ್ದರೆಂದೂ, ಮೊದಲು ಪುರಸೊತ್ತಿಲ್ಲವೆಂದರೆಂದೂ ಹೇಳುತ್ತಾರೆ. ಒಪ್ಪಿಕೊಂಡ ಮೇಲೆ ಇನ್ನೊಂದು ತೊಡಕು ಎದುರಾಯಿತು. ಚಿತ್ರದ ಹೆಸರಾದ ‘ಅನ್‌ಚೈನ್ಡ್’ ಎಂಬ ಪದ ಹಾಡಿನೊಳಗೆ ಬರಲೇಬೇಕೆಂಬುದು ಕೇಳಿಕೆ. ಪ್ರಚಾರದ ದೃಷ್ಟಿಯಿಂದ ಅದು ಸಹಜವೇ. ಝಾರೆಟ್ಟರು ಒಪ್ಪಲಿಲ್ಲ. ಇಡೀ ಹಾಡಿನಲ್ಲಿ ಸಂಕೋಲೆ ಎಂಬ ಪದವಿಲ್ಲ, ಸೆರೆ ಎಂಬ ಪದವಿಲ್ಲ, ಬೇಲಿಯ ಸುಳಿವಿಲ್ಲ. ಅಷ್ಟೇಕೆ, ಹಾಡುವವನು ಗಂಡೋ ಹೆಣ್ಣೋ ಎಂಬುದನ್ನೂ ಅದು ಹೇಳುವುದಿಲ್ಲ.

ಹಾಡಿನ ಮುಂದಿನ ಭಾಗ್ಯವೆಲ್ಲ ಈ ನಿರಾಕರಣೆಯಿಂದ ಒದಗಿಬಂದದ್ದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಆ ಒಂದು ಪದ ಒಳಗೆ ಸೇರಿದ್ದರೆ ಹಾಡು ಚೀನೊದ ಬೇಲಿಯೊಳಗೇ ಉಳಿದು ಚಿತ್ರದೊಂದಿಗೇ ಮರೆಯಾಗುತ್ತಿತ್ತು. ಸಂಕೋಲೆಯನ್ನು ಕವಿ ಹೆಸರಿಸದೆ ಬಿಟ್ಟುದರಿಂದ, ಹಾಡುವವರು ತಮ್ಮ ತಮ್ಮ ಸಂಕೋಲೆಯನ್ನು ಅಲ್ಲಿ ತಂದಿಡಲು ಎಡೆಯಾಯಿತು.

ಹಾಗೆ ತಂದಿಟ್ಟವರಲ್ಲಿ ಅನೇಕರು ಅದೇ 1955ರಲ್ಲಿಯೇ ಸಾಲುಗಟ್ಟಿದರು. ಲೆಸ್ ಬ್ಯಾಕ್ಸ್‌ಟರರ ವೃಂದಗಾನ, ಅಲ್ ಹಿಬ್ಲರ್, ರಾಯ್ ಹ್ಯಾಮಿಲ್ಟನ್, ಜೂನ್ ವ್ಯಾಲಿ ಎಂಬ ಗಾಯಕಿ, ಹೀಗೆ ಒಂದರ ಬೆನ್ನಿಗೊಂದು ಧ್ವನಿಮುದ್ರಿಕೆಗಳು ಬಂದು ಅಮೆರಿಕದ ಜನಪ್ರಿಯತೆಯ ಪಟ್ಟಿಗಳನ್ನೇರಿದವು. ಬ್ರಿಟನ್ನಿನಲ್ಲಂತೂ ಮೊದಲ ಇಪ್ಪತ್ತು ಸ್ಥಾನಗಳೊಳಗೆ ಇದೊಂದೇ ಹಾಡು ಏಕಕಾಲಕ್ಕೆ ನಾಲ್ವರ ಹೆಸರಿನಲ್ಲಿ ಕುಳಿತಿತ್ತು. ಅವುಗಳ ಪೈಕಿ ಜಿಮ್ಮಿ ಯಂಗರದು ಪ್ರಥಮ ಸ್ಥಾನಕ್ಕೇರಿತು. ಇಂದಿನ ಓದುಗರಿಗೆ ಇದು ವಿಚಿತ್ರವೆನಿಸೀತು. ಆದರೆ ಅಂದಿನ ವ್ಯವಹಾರದಲ್ಲಿ ಹಾಡು ಗಾಯಕನ ಸೊತ್ತಾಗಿರಲಿಲ್ಲ. ಸ್ವರಲಿಪಿಯ ಪ್ರಕಾಶಕರು ಅದನ್ನು ಹೊರಡಿಸುತ್ತಿದ್ದರು. ಪ್ರತಿಯೊಂದು ಧ್ವನಿಮುದ್ರಣ ಸಂಸ್ಥೆಯೂ ತನ್ನ ತನ್ನ ಗಾಯಕನಿಂದ ಅದನ್ನು ಹಾಡಿಸುತ್ತಿತ್ತು. ನಮ್ಮಲ್ಲಿ ಒಂದೇ ವಚನವನ್ನು ಮಲ್ಲಿಕಾರ್ಜುನ ಮನಸೂರರು ಹಾಡಿದರೂ ಬಸವರಾಜ ರಾಜಗುರುಗಳು ಹಾಡಿದರೂ ‘ಇದು ಯಾರದು?’ ಎಂದು ಜಗಳ ತೆಗೆಯುವವರುಂಟೇ? ಕೇಳುವ ಸುಖ ಇಮ್ಮಡಿಸಿತೆಂದು ಸಂತೋಷಪಡುತ್ತೇವೆ.

ಅಲ್ ಹಿಬ್ಲರರ ವಿಷಯದಲ್ಲಿ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು. ಅವರು ಹುಟ್ಟುಕುರುಡರು, ಕರಿಯ ಜನಾಂಗದವರು. 1940ರ ದಶಕದಲ್ಲಿ ಡ್ಯೂಕ್ ಎಲಿಂಗ್ಟನ್ನರ ವೃಂದದಲ್ಲಿ ಹಾಡಿ ಹೆಸರಾದವರು. ಈ ಹಾಡಿನ ಕೀರ್ತಿಯ ಬಳಿಕ ಸುಮ್ಮನೆ ಕುಳಿತುಕೊಳ್ಳಬಹುದಾಗಿತ್ತು. 1963ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವರ್ಣಭೇದದ ವಿರುದ್ಧ ಜನ ಬೀದಿಗಿಳಿದಾಗ, ಕಣ್ಣಿಲ್ಲದ ಈ ಗಾಯಕ ಅಲ್ಲಿಗೆ ಹೋಗಿ ಮೆರವಣಿಗೆಯಲ್ಲಿ ನಿಂತರು. ಕೈದಿಯ ಹಾಡನ್ನು ಹಾಡಿದ ಕಂಠ ತಾನಾಗಿ ಸೆರೆಯ ಬಾಗಿಲವರೆಗೆ ನಡೆದುಹೋಯಿತು.

ಹತ್ತು ವರ್ಷಗಳ ಮೇಲೆ, 1965ರಲ್ಲಿ, ಹಾಡಿಗೆ ಎರಡನೆಯ ಜನ್ಮ. ‘ರೈಟಿಯಸ್ ಬ್ರದರ್ಸ್’ ಎಂಬ ಜೋಡಿಯಲ್ಲಿ ಬಿಲ್ ಮೆಡ್ಲಿಯವರದು ಮಂದ್ರದ ಕಂಠ, ಬಾಬಿ ಹ್ಯಾಟ್‌ಫೀಲ್ಡರದು ತಾರದ್ದು. ಒಡಹುಟ್ಟಿದವರಲ್ಲ, ಹೆಸರಿಗೆ ಮಾತ್ರ ಸೋದರರು. ಈ ಹಾಡನ್ನು ಹ್ಯಾಟ್‌ಫೀಲ್ಡರೊಬ್ಬರೇ ಹಾಡಿದರು. ತಟ್ಟೆಯ ಹಿಂಬದಿಗೆ, ಅಂದರೆ ಯಾರೂ ಲಕ್ಷ್ಯ ಕೊಡದ ಮಗ್ಗುಲಿಗೆ, ಅದನ್ನು ಹಾಕಲಾಗಿತ್ತು. ಬಾನುಲಿಯವರು ತಟ್ಟೆಯನ್ನು ಮಗುಚಿ ನುಡಿಸತೊಡಗಿದರು. ಮುಂಬದಿಯ ಹಾಡು ಮರೆಗೆ ಸರಿಯಿತು, ಇದು ಅಮೆರಿಕದಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಮೆಲ್ಲಗೆ, ಬಹುತೇಕ ಪಿಸುಮಾತಿನಂತೆ ತೊಡಗಿದ ದನಿ ಕೊನೆಯ ಭಾಗದಲ್ಲಿ ಒಮ್ಮೆಲೇ ತಾರಸ್ಥಾಯಿಗೆ ಜಿಗಿಯುತ್ತದೆ. ಶಾಸ್ತ್ರೀಯ ಸಂಗೀತದ ಶಿಕ್ಷಣವುಳ್ಳವರಿಗೆ ಅದು ಅತಿಯೆನಿಸಬಹುದು. ನಮಗೆ ಹಾಗೆನಿಸಲಿಲ್ಲ. ಬಹಳ ಹೊತ್ತು ಅದುಮಿಟ್ಟುಕೊಂಡವರ ಅಳು ಹಾಗೆಯೇ ಹೊರಬರುವುದು.

1977ರ ಜೂನ್ ತಿಂಗಳಲ್ಲಿ ಎಲ್ವಿಸ್ ಪ್ರೀಸ್ಲಿಯವರು ರ್‍ಯಾಪಿಡ್ ಸಿಟಿ ಎಂಬ ಊರಿನ ಕಛೇರಿಯಲ್ಲಿ ತಾವೇ ಪಿಯಾನೊ ಮುಂದೆ ಕುಳಿತು ಇದನ್ನು ಹಾಡಿದರು. ಆ ದೃಶ್ಯ ಚಿತ್ರೀಕೃತವಾಗಿ ಉಳಿದಿದೆ. ದೇಹ ಊದಿಕೊಂಡಿದೆ, ಬೆವರು ಇಳಿಯುತ್ತಿದೆ, ದನಿ ಮಾತ್ರ ಕುಂದಿಲ್ಲ. ಎರಡು ತಿಂಗಳು ತುಂಬುವುದರೊಳಗೆ, ಆಗಸ್ಟ್ 16ರಂದು, 42ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೋಟ್ಯಂತರ ಜನರ ಪ್ರೀತಿಯ ನಡುವೆ ಇದ್ದವರು ಒಬ್ಬರ ಪ್ರೀತಿಗಾಗಿ ಅಂಗಲಾಚುವ ಹಾಡನ್ನು ಆರಿಸಿಕೊಂಡದ್ದೇಕೆಂಬುದನ್ನು ಆ ದೃಶ್ಯವನ್ನು ನೋಡಿದವರು ಊಹಿಸಿಕೊಳ್ಳಬಹುದು.

ಮೂರನೆಯ ಜನ್ಮ 1990ರಲ್ಲಿ. ‘ಘೋಸ್ಟ್’ ಎಂಬ ಚಿತ್ರದಲ್ಲಿ ಹ್ಯಾಟ್‌ಫೀಲ್ಡರ ಹಳೆಯ ಧ್ವನಿಮುದ್ರಣವನ್ನು ಬಳಸಲಾಯಿತು. ಅಲ್ಲಿ ಅಗಲಿಕೆ ಸೆರೆಮನೆಯದಲ್ಲ, ಸಾವಿನದು: ಕೊಲೆಯಾದ ಗಂಡಿನ ಆತ್ಮ ತನ್ನ ಪ್ರಿಯೆಯನ್ನು ಬಿಟ್ಟುಹೋಗಲಾರದೆ ಸುಳಿದಾಡುತ್ತದೆ. ಹಾಡಿನ ಒಂದಕ್ಷರವನ್ನೂ ತಿದ್ದದೆ ಅದು ಹೊಸ ಕಥೆಗೆ ಹೊಂದಿಕೊಂಡಿತು. ಬೇಡಿಕೆ ಎಷ್ಟಿತ್ತೆಂದರೆ ಆ ಜೋಡಿ ಹಾಡನ್ನು ಮತ್ತೊಮ್ಮೆ ಮುದ್ರಿಸಿತು. ಹಳೆಯದು, ಹೊಸದು ಎರಡೂ ಅಮೆರಿಕದ ಮೊದಲ ಇಪ್ಪತ್ತರೊಳಗೆ ಜೊತೆಜೊತೆಯಾಗಿ ಕಾಣಿಸಿಕೊಂಡವು. ಬ್ರಿಟನ್ನಿನಲ್ಲಿ ಹಳೆಯದೇ ಪ್ರಥಮಸ್ಥಾನ ಪಡೆಯಿತು.

ಅಲ್ಲಿಂದ ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. ರಾಬ್ಸನ್ ಮತ್ತು ಜೆರೋಮ್ ಎಂಬ ಇಬ್ಬರು ನಟರು ಸೈನಿಕರ ಜೀವನದ ಕುರಿತ ದೂರದರ್ಶನ ಧಾರಾವಾಹಿಯೊಂದರಲ್ಲಿ ಇದನ್ನು ಹಾಡಿದ್ದೇ ತಡ, ಜನ ಅಂಗಡಿಗಳಿಗೆ ಮುತ್ತಿದರು, 1995ರಲ್ಲಿ ಮತ್ತೆ ಪ್ರಥಮಸ್ಥಾನ. ಅಮೆರಿಕದಲ್ಲಿ ಲಿಆನ್ ರೈಮ್ಸ್ ಎಂಬ ಹದಿಹರೆಯದ ಬಾಲಕಿಯ ಕಂಠದಲ್ಲಿಯೂ ಇದು ಗೆದ್ದಿತು. ಆ ವಯಸ್ಸಿನ ಹೆಗಲಿಗೆ ಈ ಹಾಡು ತುಸು ಭಾರವೇ ಆಯಿತು. 2002ರಲ್ಲಿ ಗ್ಯಾರೆತ್ ಗೇಟ್ಸ್ ಎಂಬ ಹದಿನೇಳರ ಯುವಕ ಬ್ರಿಟನ್ನಿನಲ್ಲಿ ಇದನ್ನು ನಾಲ್ಕನೆಯ ಬಾರಿ ಪ್ರಥಮಸ್ಥಾನಕ್ಕೇರಿಸಿದ. ಒಂದೇ ಹಾಡು ನಾಲ್ವರು ಬೇರೆ ಬೇರೆ ಗಾಯಕರಿಂದ ಆ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ಈ ಯುವಕನಿಗೆ ಉಗ್ಗು. ಸ್ಪರ್ಧೆಯ ತೀರ್ಪುಗಾರರ ಮುಂದೆ ತನ್ನ ಹೆಸರನ್ನು ಹೇಳಲು ತಡವರಿಸುತ್ತಿದ್ದವನು ಹಾಡಲು ತೊಡಗಿದೊಡನೆ ಒಂದೆಡೆಯೂ ತಡೆಯುತ್ತಿರಲಿಲ್ಲ. ಝಾರೆಟ್ಟರು ಬಿಟ್ಟುಹೋದ ಆ ಖಾಲಿ ಜಾಗದಲ್ಲಿ ಇವನು ತಂದಿಟ್ಟ ಸಂಕೋಲೆ ಯಾವುದೆಂದು ಕೇಳಿದವರಿಗೆಲ್ಲ ತಿಳಿಯಿತು.

ಗಾಯಕರ ಕೀರ್ತಿಯ ನಡುವೆ ರಚನಕಾರರ ಪಾಡೇನಾಯಿತು? ಈ ಹಾಡು ಆಸ್ಕರ್ ಪ್ರಶಸ್ತಿಗೆ ಸೂಚಿತವಾಗಿತ್ತು. ಪ್ರಶಸ್ತಿ ಬೇರೊಂದು ಪ್ರೇಮಗೀತೆಯ ಪಾಲಾಯಿತು. ನಾರ್ತರು ಒಟ್ಟು ಹದಿನೈದು ಸಲ ಸೂಚಿತರಾಗಿ ಒಮ್ಮೆಯೂ ಗೆಲ್ಲದೆ, ಕೊನೆಗೆ 1986ರಲ್ಲಿ ಜೀವಮಾನದ ಸಾಧನೆಗಾಗಿ ಗೌರವ ಪ್ರಶಸ್ತಿ ಪಡೆದರು. ಝಾರೆಟ್ಟರಿಗೆ ಒದಗಿದ್ದು ಇನ್ನೂ ವಿಚಿತ್ರವಾದ ತೊಂದರೆ. ಆ ಹೆಸರು ತನ್ನದೇ ಕಾವ್ಯನಾಮ, ಹಾಡು ತನ್ನದು ಎಂದು ಇನ್ನೊಬ್ಬರು ವರ್ಷಗಟ್ಟಲೆ ಸಾಧಿಸಿದರು. ನಿರ್ಣಯ ಝಾರೆಟ್ಟರ ಪರವಾಗಿಯೇ ಆಯಿತು. ನಮ್ಮ ಶರಣರು ಪ್ರತಿ ವಚನದ ಕೊನೆಗೆ ಅಂಕಿತವನ್ನಿರಿಸಿದುದರ ಬೆಲೆ ಇಂಥಲ್ಲಿ ತಿಳಿಯುತ್ತದೆ. ಹಾಗಿದ್ದೂ ಅಂಕಿತ ತಿದ್ದಿದವರು ನಮ್ಮಲ್ಲೂ ಇಲ್ಲದಿಲ್ಲ. ಝಾರೆಟ್ಟರು ಈ ಗದ್ದಲದಿಂದ ಕಹಿಯಾದಂತೆ ತೋರುವುದಿಲ್ಲ. ಮಕ್ಕಳಿಗಾಗಿ ವಿಜ್ಞಾನದ ಹಾಡುಗಳನ್ನೂ ಬರೆದು, ಸೂರ್ಯ ಏಕೆ ಬೆಳಗುತ್ತಾನೆಂಬುದನ್ನು ಲಯಬದ್ಧವಾಗಿ ತಿಳಿಸಿಕೊಟ್ಟು, 2007ರಲ್ಲಿ ನೂರಕ್ಕೆ ಎರಡು ತಿಂಗಳಿಗೂ ಕಡಿಮೆ ಉಳಿದಿರುವಾಗ ಕಣ್ಮುಚ್ಚಿದರು.

ಇನ್ನು ಮೊಟ್ಟಮೊದಲು ಹಾಡಿದವರು. ಚಿತ್ರದಲ್ಲಿ ಕೈದಿಯ ಪಾತ್ರ ವಹಿಸಿ ಈ ಹಾಡಿಗೆ ಕಂಠ ಕೊಟ್ಟವರು ಟಾಡ್ ಡಂಕನ್. 1935ರಲ್ಲಿ ಗರ್ಶ್ವಿನ್ನರ ‘ಪೋರ್ಗಿ ಅಂಡ್ ಬೆಸ್’ ಗೀತನಾಟಕದ ಮೊದಲ ಪೋರ್ಗಿ ಅವರೇ. ಮರುವರ್ಷ ಆ ನಾಟಕ ವಾಷಿಂಗ್ಟನ್ನಿನ ನ್ಯಾಷನಲ್ ಥಿಯೇಟರಿಗೆ ಬಂದಾಗ, ಕರಿಯರಿಗೆ ಪ್ರವೇಶವಿಲ್ಲದ ರಂಗಮಂದಿರದಲ್ಲಿ ತಾವು ಹಾಡುವುದಿಲ್ಲವೆಂದು ಹಟ ಹಿಡಿದರು. ನಾಟಕ ನಡೆದಷ್ಟು ದಿನ ಬಿಳಿಯರೂ ಕರಿಯರೂ ಒಟ್ಟಿಗೆ ಕುಳಿತು ನೋಡುವಂತಾಯಿತು. 1945ರಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾದಲ್ಲಿ ಹಾಡಿದ ಪ್ರಥಮ ಕರಿಯ ಗಾಯಕರೂ ಅವರೇ. ಆದರೆ ಈ ಹಾಡಿನಿಂದ ಪಟ್ಟಿಗಳನ್ನೇರಿದವರ ಸಾಲಿನಲ್ಲಿ ಅವರ ಹೆಸರು ಬರುವುದಿಲ್ಲ. 1990ರಲ್ಲಿ ಲೋಕವೆಲ್ಲ ಮತ್ತೆ ಇದನ್ನು ಗುನುಗುತ್ತಿದ್ದಾಗ ಡಂಕನ್ನರಿಗೆ 87 ವರ್ಷ. ಹಿಂದೆ ತಾವು ಹಟ ಹಿಡಿದು ಬಾಗಿಲು ತೆರೆಸಿದ ಆ ವಾಷಿಂಗ್ಟನ್ ನಗರದಲ್ಲಿಯೇ ಅವರ ವಾಸವಾಗಿತ್ತು.