ಗಲ್ಲಾದ ಕಂಪ್ಯೂಟರಿಗೆ ಮೆಮೊರಿ ಸಾಲದಾದಾಗ

ಒಂದು ಭಾನುವಾರ, ಮಧ್ಯಾಹ್ನದ ಊಟದ ಗಡಿಬಿಡಿಯಲ್ಲೇ ನಮ್ಮ ಅಡುಗೆಮನೆಯ ಕೆ.ಓ.ಟಿ. ಪ್ರಿಂಟರ್ ಸುಮ್ಮನಾಯಿತು. ಸಪ್ಲಾಯರ್‌ಗಳು ಆರ್ಡರನ್ನು ಬಾಯಲ್ಲೇ ಕೂಗಬೇಕಾಯಿತು. ರಿಪೇರಿ ಹುಡುಗ ಬಂದು ಸರ್ವಿಸ್‌ಗಳ ಪಟ್ಟಿ ತೆರೆದರೆ ಪ್ರಿಂಟ್ ಸ್ಪೂಲರ್ ಎದುರು 'ರನ್ನಿಂಗ್' ಎಂದೇ ಇತ್ತು. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಶುರು ಮಾಡಿದ ಮೇಲೆ ಚೀಟಿ ಬಂತು. ನಿಜವಾದ ಆಘಾತ ಆಮೇಲೆ. ಹನ್ನೊಂದು ರಾತ್ರಿಗಳಿಂದ ಲೆಕ್ಕದ ಬ್ಯಾಕಪ್ ಆಗಿರಲಿಲ್ಲ. ಎಚ್ಚರಿಸಬೇಕಾದ ಪ್ರೋಗ್ರಾಂ ಕೂಡ ಬಾಯಿ ಮುಚ್ಚಿತ್ತು!

ಇದು ವೈರಸ್ ಕಾಟವಲ್ಲ, ಮೆಮೊರಿ ಸಾಲದ ಕಾಟ. 4 ಜಿಬಿ ರ‍್ಯಾಮ್ ಇದ್ದ ಆ ಒಂದೇ ಪೆಟ್ಟಿಗೆಯಲ್ಲಿ ಬಿಲ್ಲಿಂಗ್, ಆಂಟಿವೈರಸ್, ಸಿಸಿಟಿವಿ, ಪಾರ್ಸೆಲ್ ಆರ್ಡರಿನ ಬ್ರೌಸರ್ ಎಲ್ಲವೂ ಓಡುತ್ತಿದ್ದವು. ಅನೇಕ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಬಳಸುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಒಂದೇ ತನ್ನ ಕ್ಯಾಶ್‌ಗೆ ಸುಮಾರು 1.4 ಜಿಬಿವರೆಗೆ ತೆಗೆದುಕೊಳ್ಳಬಲ್ಲದು. ರ‍್ಯಾಮ್ ಮತ್ತು ಡಿಸ್ಕಿನ ಪೇಜ್ ಫೈಲ್ ಎರಡೂ ತುಂಬಿದರೆ ವಿಂಡೋಸ್ ಹೊಸದಾಗಿ ಕೇಳಿದವರಿಗೆ ಮೆಮೊರಿ ಕೊಡುವುದಿಲ್ಲ. ಆಗ ಕೆಲವು ಸರ್ವಿಸ್‌ಗಳು ನಿಂತುಹೋಗುತ್ತವೆ, ಕೆಲವು ನಡುವೆಯೇ ಸಿಕ್ಕಿಬೀಳುತ್ತವೆ.

ಸರ್ವಿಸ್ ತಾನಾಗಿ ಸತ್ತರೆ ಮತ್ತೆ ಎಬ್ಬಿಸಲು ವಿಂಡೋಸ್‌ನಲ್ಲಿ 'ರಿಕವರಿ' ಸೌಲಭ್ಯವಿದೆ. ಆದರೆ ಸಾಯದೆ ಸಿಕ್ಕಿಬಿದ್ದ ಸರ್ವಿಸ್ ಅದಕ್ಕೆ ಕಾಣುವುದು 'ರನ್ನಿಂಗ್' ಎಂದೇ. ಕಾವಲಿನ ಪ್ರೋಗ್ರಾಂ ಕೂಡ ಅದೇ ಮೆಮೊರಿಯಲ್ಲಿ ಕೂತಿರುವುದರಿಂದ ಕೊರತೆ ಬಂದಾಗ ಅದಕ್ಕೂ ಉಪವಾಸವೇ. ಹಸಿದ ಕಾವಲುಗಾರ ಯಾರನ್ನು ಎಬ್ಬಿಸಿಯಾನು?

ಮಾಲೀಕ ಬಾಂಧವರು ಮಾಡಬೇಕಾದ್ದು ಇಷ್ಟು. ರಷ್ ಹೊತ್ತಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ನೋಡಿ. 'ಕಮಿಟೆಡ್' ಎಂಬಲ್ಲಿನ ಎರಡು ಅಂಕಿಗಳು ಹತ್ತಿರ ಬಂದಿದ್ದರೆ ಅಪಾಯ. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 2004ನೇ ಸಂಖ್ಯೆಯ 'ರಿಸೋರ್ಸ್ ಎಗ್ಝಾಶನ್' ಎಚ್ಚರಿಕೆ ಇದ್ದರೆ, ಮೆಮೊರಿ ಹೆಚ್ಚು ತಿಂದವರ ಹೆಸರು ಅಲ್ಲೇ ಸಿಗುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂಬುದು ಅದನ್ನು ಹಾಕಿಕೊಳ್ಳಲು ಮಾತ್ರ, ನಮ್ಮ ವ್ಯಾಪಾರಕ್ಕಲ್ಲ. ನಾವು 8 ಜಿಬಿಗೆ ಏರಿಸಿ, ಸಿಸಿಟಿವಿಯನ್ನು ಬೇರೆ ಕಡೆಗೆ ಸಾಗಿಸಿದೆವು. ಕಾವಲಿನ ಪ್ರೋಗ್ರಾಂ ಈಗ ಇನ್ನೊಂದು ಕಂಪ್ಯೂಟರಿನಲ್ಲಿದೆ. ಅದು 'ರನ್ನಿಂಗ್' ಎಂಬ ಮಾತನ್ನು ನಂಬುವುದಿಲ್ಲ. ನಿನ್ನೆ ರಾತ್ರಿಯ ಬ್ಯಾಕಪ್ ಫೈಲ್ ಇದೆಯೇ ಎಂದು ನೋಡುತ್ತದೆ.

ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಆ ಹನ್ನೊಂದು ದಿನಗಳಲ್ಲಿ ನಮ್ಮ ಹಾರ್ಡ್‌ಡಿಸ್ಕ್ ಕೈಕೊಡಲಿಲ್ಲ, ಅಷ್ಟೇ ಪುಣ್ಯ. ಅದೃಷ್ಟವನ್ನು ನಂಬಿ ಹೋಟೆಲ್ ನಡೆಸಲಾದೀತೇ? ಇಂದು ಗಲ್ಲಾ ಮುಚ್ಚುವ ಮೊದಲು ನಿಮ್ಮ ಬ್ಯಾಕಪ್ ಫೈಲಿನ ತಾರೀಖನ್ನು ಒಮ್ಮೆ ನೋಡಿಬಿಡಿ.