ಹೊಡೆದಾಟದ ಪಂದ್ಯಕ್ಕೆ ಅನುಮತಿ ಬೇಕೆ?

ಪ್ರಶ್ನೆ: ನ್ಯೂಯಾರ್ಕ್ ರಾಜ್ಯ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಪಂದ್ಯಗಳನ್ನು ನಿಷೇಧಿಸಿ, ಮತ್ತೆ ಒಪ್ಪಿಕೊಂಡದ್ದೇಕೆ? ನಮ್ಮ ನಗರಗಳು ಏನು ಮಾಡಬೇಕು?

ಉತ್ತರ: 1997ರಲ್ಲಿ ನಿಷೇಧ ಬಂದಾಗ ಈ ಆಟಕ್ಕೆ ನಿಯಮಗಳೇ ಕಡಿಮೆ ಇದ್ದವು. ಆದರೆ ನಿಷೇಧ ತಟ್ಟಿದ್ದು ವೃತ್ತಿಪರ ಪಂದ್ಯಗಳಿಗೆ ಮಾತ್ರ. ಹವ್ಯಾಸಿ ಕಾದಾಟಗಳು ಸರಿಯಾದ ವೈದ್ಯಕೀಯ ತಪಾಸಣೆಯೂ ಇಲ್ಲದೆ ನಡೆಯುತ್ತಲೇ ಇದ್ದವು. ಈ ನಡುವೆ ಪಕ್ಕದ ನ್ಯೂಜೆರ್ಸಿ ತೂಕದ ವರ್ಗ, ಸುತ್ತುಗಳು, ನಿಷಿದ್ಧ ಹೊಡೆತಗಳನ್ನು ನಿಗದಿಪಡಿಸಿತು. 2016ರಲ್ಲಿ ನ್ಯೂಯಾರ್ಕ್ ನಿಷೇಧ ತೆಗೆಯಿತು. ಜೊತೆಗೆ ಮಾರಣಾಂತಿಕ ಮಿದುಳಿನ ಗಾಯಕ್ಕೆ 10 ಲಕ್ಷ ಡಾಲರ್ ವಿಮೆಯನ್ನು ಕಡ್ಡಾಯ ಮಾಡಿತು.

ನಮಗೂ ಈ ಪಾಠ ಬೇಕು. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದ ಮೈಸೂರಿನ ಯುವಕನೊಬ್ಬ ಕೆಲವೇ ದಿನಗಳಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು.

ಅನುಮತಿ ಕೊಡಬಹುದು, ಆದರೆ ಷರತ್ತಿನ ಮೇಲೆ: ಅಖಾಡದ ಪಕ್ಕದಲ್ಲೇ ವೈದ್ಯರು, ಆಂಬುಲೆನ್ಸ್, ಪಂದ್ಯ ನಿಲ್ಲಿಸುವ ಅಧಿಕಾರವುಳ್ಳ ತೀರ್ಪುಗಾರ, ತಲೆಗೆ ಬಲವಾದ ಪೆಟ್ಟು ಬಿದ್ದವರಿಗೆ ಕಡ್ಡಾಯ ವಿಶ್ರಾಂತಿ, ವಿಮೆ. ಇವನ್ನು ಒದಗಿಸಲಾಗದ ಆಯೋಜಕರಿಗೆ ಟಿಕೆಟ್ ಮಾರುವ ಹಕ್ಕಿಲ್ಲ. ಸುಮ್ಮನೆ ನಿಷೇಧಿಸಿದರೆ ಕಾದಾಟ ಕಣ್ಮರೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.