ಯಾರೂ ಕಾಲಿಡದ ಸಾಲು

ಬೆಂಗಳೂರಿನ ಗಾಳಿ ತೆಳು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಈ ಊರಿನಲ್ಲಿ ಗಾಳಿಯೊತ್ತಡ 91 ಕಿಲೋಪಾಸ್ಕಲ್‌ನ ಆಸುಪಾಸು. ಕಡಲ ದಂಡೆಯಲ್ಲಿ ಅದು 101. ನಮ್ಮ ಮೂಗಿಗೆ ಇದು ತಿಳಿಯುವುದಿಲ್ಲ, ಟರ್ಬೊ ಇಲ್ಲದ ಎಂಜಿನ್‌ಗೆ ಚೆನ್ನಾಗಿ ತಿಳಿಯುತ್ತದೆ. ಹತ್ತರಲ್ಲೊಂದು ಪಾಲು ಉಸಿರು ಇಲ್ಲಿ ಅದಕ್ಕೆ ಸಿಗುವುದೇ ಇಲ್ಲ.

ನಾನು ಗಮನಿಸುತ್ತ ಬಂದದ್ದು ಹೊಸೂರು ರಸ್ತೆಯ ಬದಿಯ ಶೆಡ್ಡೊಂದರಲ್ಲಿರುವ ಹಳೆಯ ಮಾರುತಿ ಎಸ್ಟೀಮ್ ಅನ್ನು. ಒಡೆಯ ವಾರವಿಡೀ ನೌಕರಿ ಮಾಡಿ ಬಿಡುವಿನಲ್ಲಿ ರೇಸಿಗೆ ಹೋಗುವ ಗೆಳೆಯ. 1298 ಸಿಸಿ, ಹದಿನಾರು ವಾಲ್ವ್, ಕಂಪನಿಯಿಂದ ಬಂದಾಗ 85 ಅಶ್ವಶಕ್ತಿ. ಈಗ ಕ್ಯಾಮ್‌ಶಾಫ್ಟ್ ಬೇರೆ, ಎಕ್ಸಾಸ್ಟ್ ಹೆಡರ್ ಬೇರೆ. ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂದು ನಿರ್ಧರಿಸುವ ಕಂಪನಿಯ ಇಸಿಯು ಇದ್ದ ಜಾಗದಲ್ಲಿ ನಾವೇ ಅಂಕಿ ತುಂಬಬಹುದಾದ ಇನ್ನೊಂದು ಪೆಟ್ಟಿಗೆ. ಇಸಿಯು ಬದಲಿಸಿದರೆ ಪವರ್ ಬರುತ್ತದೆ ಎಂಬ ಗ್ಯಾರೇಜ್ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಪವರ್ ಬರುವುದು ಒಳಗೆ ಹೋಗುವ ಗಾಳಿಯಿಂದ. ಕ್ಯಾಮ್ ಬದಲಾದ ಮೇಲೆ ಗಾಳಿ ಬರುವ ರೀತಿಯೇ ಬದಲಾಗುತ್ತದೆ. ಹಳೆಯ ಪೆಟ್ಟಿಗೆ ಮಾತ್ರ ಹಳೆಯ ಎಂಜಿನ್‌ನ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತಿರುತ್ತದೆ. ಹೊಸದು ಆ ಲೆಕ್ಕವನ್ನು ತಿದ್ದಲು ಬಿಡುತ್ತದೆ, ಅಷ್ಟೇ.

ಆ ಲೆಕ್ಕದ ಮ್ಯಾಪ್ ಲ್ಯಾಪ್‌ಟಾಪಿನಲ್ಲಿ ಕಾಣುವುದು ಹೀಗೆ: ಹದಿನಾರು ಸಾಲು, ಹದಿನಾರು ಕಂಬ, ಒಟ್ಟು 256 ಮನೆಗಳು. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಮ್ಯಾನಿಫೋಲ್ಡಿನ ಒತ್ತಡ. ಎಂಜಿನ್ ಈಗ ಯಾವ ಮನೆಯಲ್ಲಿದೆಯೋ ಅಲ್ಲೊಂದು ಚುಕ್ಕೆ. ಐಡಲಿಂಗ್‌ನಲ್ಲಿ ಅದು ಒಂದೆಡೆ ನಿಲ್ಲುವುದಿಲ್ಲ, ಹೊಸ ಕ್ಯಾಮ್‌ನ ದೆಸೆಯಿಂದ ಅಕ್ಕಪಕ್ಕದ ಮನೆಗಳಿಗೆ ತುಯ್ದಾಡುತ್ತದೆ. ಅಂಕಿ ತಿದ್ದುವ ಟ್ಯೂನರ್ ಕೀಲಿಮಣೆ ಮುಟ್ಟದೆ ಕೂತಿರುತ್ತಾರೆ. "ಇನ್ನೂ ಬಿಸಿಯಾಗಿಲ್ಲ ಸರ್, ಈಗ ಏನ್ ತೋರಿಸಿದ್ರೂ ಸುಳ್ಳು," ಎನ್ನುತ್ತಾರೆ. ಎಂಜಿನ್ ಬಿಸಿಯೇರಿದ ಮೇಲೆ ಒಂದೊಂದೇ ಮನೆಯಲ್ಲಿ ಚುಕ್ಕೆಯನ್ನು ನಿಲ್ಲಿಸಿ, ಎಕ್ಸಾಸ್ಟಿನ ವೈಡ್‌ಬ್ಯಾಂಡ್ ಸೆನ್ಸರ್ ಹೇಳುವುದನ್ನು ಓದಿ, ಒಂದಿಷ್ಟು ತಿದ್ದಿ ಮತ್ತೆ ಕಾಯುತ್ತಾರೆ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಅದರ 14.7 ಪಟ್ಟು ತೂಕದ ಗಾಳಿ ಬೇಕು. ಶೇ. 20 ಎಥನಾಲ್ ಬೆರೆತ ಇ20ಯಲ್ಲಿ ಇದು ಸುಮಾರು 13.5ಕ್ಕೆ ಇಳಿಯುವುದರಿಂದ ಅವರು ಬೇಕಾದ ಗಾಳಿಯಲ್ಲಿ ಎಷ್ಟು ಪಾಲು ಇದೆ ಎಂದು ಹೇಳುವ ಲ್ಯಾಂಬ್ಡಾವನ್ನಷ್ಟೇ ನೋಡುತ್ತಾರೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 0.87ರ ಹತ್ತಿರ ಬಂದರೆ ಸಾಕು.

ಇಗ್ನಿಷನ್ ಟೈಮಿಂಗ್ ಇನ್ನೂ ಸೂಕ್ಷ್ಮ. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವುದು ಸುಮಾರು 28 ಮೈಕ್ರೋಸೆಕೆಂಡ್. ಟಾರ್ಕ್ ಅಳೆಯುವ ಡೈನೋ ಮೇಲೆ ಕಿಡಿಯನ್ನು ಒಂದೊಂದೇ ಡಿಗ್ರಿ ಮುಂದೆ ತಂದರೆ ಟಾರ್ಕ್ ಏರುತ್ತದೆ, ಆಮೇಲೆ ಏರಿಕೆ ನಿಲ್ಲುತ್ತದೆ. ನಿಂತ ಮೇಲೂ ಮುಂದೆ ತರುವವರಿಗೆ ಸಿಗುವುದು ನಾಕಿಂಗ್ ಮಾತ್ರ, ಉಳಿದ ಮಿಶ್ರಣ ತಾನಾಗೇ ಸಿಡಿಯುವ ಸದ್ದು. 74 ಮಿಲಿಮೀಟರ್ ಬೋರ್‌ನಲ್ಲಿ ಆ ಸದ್ದಿನ ಕಂಪನ ಸುಮಾರು 7.7 ಕಿಲೋಹರ್ಟ್ಸ್. ಬ್ಲಾಕಿಗೆ ಮೈಕ್ ಅಂಟಿಸಿ, ಹೆಡ್‌ಫೋನ್ ಹಾಕಿ ಅದಕ್ಕಾಗಿ ಕಿವಿಗೊಡಬೇಕು. ಗದ್ದಲದ ಪೇಟೆಯಲ್ಲಿ ಕಂಚುಕುಟಿಗ ಹಕ್ಕಿಯ ಕೂಗನ್ನು ಹೆಕ್ಕಿ ತೆಗೆಯುವವರಿಗೆ ಈ ಕೆಲಸ ಬೇಗ ಒಗ್ಗುತ್ತದೆ.

ಇಷ್ಟೆಲ್ಲ ಆದ ಮೇಲೂ ಮ್ಯಾಪಿನ ತುದಿಯಲ್ಲಿ ಒಂದು ಸಾಲು ಉಳಿದಿತ್ತು, 100 ಕಿಲೋಪಾಸ್ಕಲ್‌ನದು. ಬೆಂಗಳೂರಿನಲ್ಲಿ ಎಷ್ಟೇ ಒತ್ತಿದರೂ ಚುಕ್ಕೆ 90ರ ಬಳಿಯೇ ನಿಲ್ಲುತ್ತದೆ. ಹೊರಗಿನ ಗಾಳಿಯೇ 91 ಇರುವಾಗ ಒಳಗೆ 100 ಎಲ್ಲಿಂದ ಬರಬೇಕು? ಆ ಸಾಲಿನಲ್ಲಿದ್ದ ಅಂಕಿಗಳೆಲ್ಲ ಅಂದಾಜು.

ರೇಸ್ ಇದ್ದದ್ದು ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯಲ್ಲಿ. 1990ರಲ್ಲಿ ತೆರೆದ, 3.717 ಕಿಲೋಮೀಟರಿನ ಟ್ರ್ಯಾಕ್. ಅಲ್ಲಿಯ ಒತ್ತಡ ಇಲ್ಲಿಗಿಂತ ಶೇ. 11ರಷ್ಟು ಹೆಚ್ಚು. ಆದರೆ ಅಷ್ಟೂ ಲಾಭವಲ್ಲ. ಬೆಂಗಳೂರಿನ ಮುಂಜಾನೆಯ 20 ಡಿಗ್ರಿ ಎಲ್ಲಿ, ಅಲ್ಲಿಯ ಮಧ್ಯಾಹ್ನದ 35 ಎಲ್ಲಿ? ಆ ಬಿಸಿಗೇ ಗಾಳಿಯ ಸಾಂದ್ರತೆ ಶೇ. 5ರಷ್ಟು ಇಳಿಯುತ್ತದೆ. ಕಡಲ ಕಡೆಯ ತೇವ ಆಮ್ಲಜನಕದ ಜಾಗವನ್ನು ಇನ್ನಷ್ಟು ಕಬಳಿಸುತ್ತದೆ. ಸುಮಾರು ಅರ್ಧ ಲಾಭ ಹೀಗೇ ಕರಗಿತು. ಉಳಿದ ಅರ್ಧದ ಜೊತೆಗೆ ಅಪಾಯವೂ ಬಂತು, ಹೆಚ್ಚು ಒತ್ತಡದ ಬಿಸಿ ಗಾಳಿ ನಾಕಿಂಗಿಗೆ ಹೇಳಿ ಮಾಡಿಸಿದ್ದು. ಹೊರಡುವ ಮೊದಲೇ ಟ್ಯೂನರ್ 100ರ ಆ ಸಾಲಿನಲ್ಲಿ ಟೈಮಿಂಗ್ ಅನ್ನು ಎರಡು ಡಿಗ್ರಿ ಹಿಂದಕ್ಕೆ ತಂದು, ಪೆಟ್ರೋಲ್ ತುಸು ಹೆಚ್ಚಿಸಿದ್ದರು. ಪ್ರಾಕ್ಟೀಸ್ ಮುಗಿಸಿ ಬಂದ ಕಾರಿನ ಲಾಗ್ ತೆರೆದಾಗ, ಸ್ಟ್ರೈಟ್‌ನ ಉದ್ದಕ್ಕೂ ಚುಕ್ಕೆ ಬೆಂಗಳೂರಿನಲ್ಲಿ ಎಂದೂ ಹತ್ತದ ಆ ಸಾಲಿನಲ್ಲೇ ಓಡಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಪಿಂಗಾಣಿಯ ಬಣ್ಣ ತಿಳಿ ಕಂದು, ನಾಕಿಂಗ್ ಬಿಟ್ಟುಹೋಗುವ ಚುಕ್ಕಿ ಕಲೆಗಳಿಲ್ಲ. ಆಮೇಲೆ ಒಂದು ಡಿಗ್ರಿ ಮರಳಿ ಕೊಟ್ಟರು. ಇನ್ನೊಂದನ್ನು ಕೊಡಲಿಲ್ಲ. ಗೆಳೆಯನಿಗೆ ಅದು ರುಚಿಸಲಿಲ್ಲ, ನನಗೆ ಸರಿಯೆನಿಸಿತು.

ಬೆಂಗಳೂರಿನಲ್ಲಿ ಟ್ಯೂನ್ ಮಾಡಿಸಿ ಕೆಳಗಿನ ಟ್ರ್ಯಾಕುಗಳಿಗೆ ಹೋಗುವವರು ಹೊರಡುವ ಮೊದಲು ಮ್ಯಾಪಿನ ಆ ತುದಿಯ ಸಾಲುಗಳನ್ನು ತೆರೆದು ನೋಡಿ. ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗುವವರಿಗೂ ಇದೇ ಮಾತು, ಅಲ್ಲಿಯ ಎತ್ತರ ಸುಮಾರು 400 ಮೀಟರ್, ಒತ್ತಡ 96ರ ಮೇಲೆ.